ಮೂರು ಸ್ಟೇಜಿನ ರೇಸಿಗೆ ಲೀಡರ್ ಜೆರ್ಸಿ: ಎಷ್ಟು ಬಣ್ಣ, ಎಂತ ನಿಯಮ?

ಪಡುಕೆರೆ ಪೆಡಲ್:
ಉಡುಪಿಯಲ್ಲಿ ಡಿಸೆಂಬರಿಗೆ ಕ್ಲಬ್ಬಿನ ಮೂರು ದಿನದ ರೇಸ್. ಮೊದಲ ದಿನ ಮಲ್ಪೆ ಕಡೆ ಟೈಮ್ ಟ್ರಯಲ್ (ಒಬ್ಬೊಬ್ಬರೇ ಹೊರಟು ಗಡಿಯಾರದ ಎದುರು ಓಡಿಸುವುದು), ಎರಡನೇ ದಿನ ಕಾರ್ಕಳದವರೆಗೆ ಹೋಗಿ ಬರುವುದು, ಮೂರನೇ ದಿನ ಸೋಮೇಶ್ವರದಿಂದ ಆಗುಂಬೆ ಘಾಟಿ. 40 ಜನ ಸವಾರರು. ಟೂರ್ ಡಿ ಫ್ರಾನ್ಸಿನ ಹಾಗೆ ಹಳದಿ (ಒಟ್ಟು ಸಮಯದಲ್ಲಿ ಮುಂದಿದ್ದವನಿಗೆ), ಹಸಿರು (ಗುರಿಯ ಅಂಕದಲ್ಲಿ), ಕೆಂಪು ಚುಕ್ಕೆ (ಏರಿನ ಅಂಕದಲ್ಲಿ), ಬಿಳಿ (ಎಳೆಯ ಸವಾರರಲ್ಲಿ) ನಾಲ್ಕೂ ಇಡುವ ಅಂತ ಉಂಟು. ಒಬ್ಬನೇ ಎರಡರಲ್ಲಿ ಮುಂದಿದ್ದರೆ ಎಂತ ಮಾಡುದು? ಬಹುಮಾನಕ್ಕೆ ಒಟ್ಟು 60,000 ರೂಪಾಯಿ ಉಂಟು.

ಸೆಕೆಂಡ್ ಲೆಕ್ಕ:
ನಾಲ್ಕು ಬೇಡ ಮಾರಾಯ್ರೆ, 40 ಜನಕ್ಕೆ ಮೂರು ಸಾಕು. ಟೂರಿನಲ್ಲಿಯೂ ಒಮ್ಮೆಗೇ ನಾಲ್ಕು ಬಂದದ್ದಲ್ಲ: ಹಳದಿ 1919ರಲ್ಲಿ, ಹಸಿರು 1953ರಲ್ಲಿ, ಚುಕ್ಕೆ ಮತ್ತು ಬಿಳಿ 1975ರಲ್ಲಿ. ಬಿಳಿ ಅಲ್ಲಿ ಈಗ ರೇಸಿನ ವರ್ಷದಲ್ಲಿ 25 ದಾಟದವರಿಗೆ. ನಿಮ್ಮಲ್ಲಿ ಅರ್ಧ ಜನ ಕಾಲೇಜಿನವರಾದರೆ ಅದಕ್ಕೆ ಅರ್ಥ ಉಳಿಯುವುದಿಲ್ಲ.

ಒಬ್ಬನೇ ಎರಡರಲ್ಲಿ ಮುಂದಿದ್ದರೆ ಹಳದಿ, ಹಸಿರು, ಚುಕ್ಕೆ, ಬಿಳಿ ಎಂಬ ಕ್ರಮದಲ್ಲಿ ಮೇಲಿನದನ್ನು ತೊಡುತ್ತಾನೆ. ಕೆಳಗಿನದನ್ನು ಆ ಪಟ್ಟಿಯ ಎರಡನೆಯವ ರಸ್ತೆಯಲ್ಲಿ ಹಾಕಿಕೊಳ್ಳುತ್ತಾನೆ, ಅಷ್ಟೆ. ಪಾಯಿಂಟೂ ಕೊನೆಯ ಬಹುಮಾನವೂ ಮೊದಲನೆಯವನದ್ದೇ. 2020ರಲ್ಲಿ ಸ್ಲೊವೇನಿಯಾದ ಸವಾರ ಪೊಗಾಚಾರ್ ಹಳದಿ, ಚುಕ್ಕೆ, ಬಿಳಿ ಮೂರನ್ನೂ ಗೆದ್ದದ್ದು ಹೀಗೆಯೇ. ಇದನ್ನು ರೇಸಿನ ಮೊದಲೇ ಬರೆದು ಹಂಚಿ. ಇಲ್ಲದಿದ್ದರೆ ತೊಟ್ಟವನೇ ಹಣ ಕೇಳಿಕೊಂಡು ಬರುತ್ತಾನೆ.

ಹಸಿರಿಗೆ ಟೂರಿನ ಅಂಕಪಟ್ಟಿ ಎತ್ತಿಕೊಳ್ಳಬೇಡಿ. ಅಲ್ಲಿ ಸಪಾಟು ಸ್ಟೇಜಿಗೆ 50, 30, 20 ಎಂದು ಇಳಿಯುತ್ತದೆ, ಆದರೆ ಅಲ್ಲಿ 21 ಸ್ಟೇಜ್. ನಿಮ್ಮಲ್ಲಿ ಒಂದೇ ಗೆಲುವಿಗೆ ಎಲ್ಲ ಮುಗಿದುಹೋಗುತ್ತದೆ. ಮೊದಲ ಹತ್ತು ಜನಕ್ಕೆ 15, 12, 10, 8, 6, 5, 4, 3, 2, 1 ಇಡಿ. ಗುರಿಯಲ್ಲಿ ಮೊದಲ ಮೂವರಿಗೆ 10, 6, 4 ಸೆಕೆಂಡ್ ಬೋನಸ್ (ಒಟ್ಟು ಸಮಯದಿಂದ ಕಳೆಯುವುದು) ಕೊಡುವ ಟೂರಿನ ಕ್ರಮವೂ ಮೂರು ದಿನದ ರೇಸಿಗೆ ಜಾಸ್ತಿಯೇ. 3, 2, 1 ಸಾಕು. ಸಮಯ ಸಮ ಬಂದರೆ ಮೂರೂ ಸ್ಟೇಜಿನ ಸ್ಥಾನಗಳನ್ನು ಕೂಡಿಸಿ, ಕಡಿಮೆ ಬಂದವ ಮುಂದೆ.

ಘಾಟಿ ಗೇರ್:
ದೊಡ್ಡ ತಪ್ಪು ಬೇರೆಯೇ ಉಂಟು. ಆಗುಂಬೆ ಕೊನೆಯ ದಿನ ಇಟ್ಟಿದ್ದೀರಿ, ಬೇರೆ ಏರು ಇಲ್ಲ. ಅಂದರೆ ಚುಕ್ಕೆ ಜೆರ್ಸಿಯನ್ನು ಒಬ್ಬನೂ ರೇಸಿನಲ್ಲಿ ತೊಡುವುದಿಲ್ಲ, ಫೋಟೋಕ್ಕೆ ಮಾತ್ರ! ಆಗುಂಬೆಯನ್ನು ಎರಡನೇ ದಿನಕ್ಕೆ ತನ್ನಿ, ಮೂರನೇ ದಿನ ವಾಪಸ್ ಬರುವಾಗ ಇಂದ್ರಾಳಿಯಿಂದ ಮಣಿಪಾಲದ ಏರಿಗೆ ಸಣ್ಣ ಅಂಕ ಇಡಿ. ಆಗುಂಬೆಗೆ 10, 8, 6, 4, 2, 1 (ಟೂರಿನ ಒಂದನೇ ದರ್ಜೆಯ ಏರಿನ ಲೆಕ್ಕ), ಮಣಿಪಾಲಕ್ಕೆ 2, 1. ಗುರಿ ಘಾಟಿಯ ತಲೆಯಲ್ಲೇ ಇರಲಿ. ಆ 14 ತಿರುವುಗಳಲ್ಲಿ ಇಳಿಯುವ ರೇಸ್ ಬೇಡವೇ ಬೇಡ.

ಬಟ್ಟೆ ಮತ್ತು ಪ್ರೆಸ್:
ಜೆರ್ಸಿ ಮಾಡಿಸುವಾಗ ಮಂಡೆಬಿಸಿ ಸೈಜಿನದ್ದು. ಬಣ್ಣಕ್ಕೆ ಎಸ್, ಎಂ, ಎಲ್, ಎಕ್ಸ್‌ಎಲ್ ಒಂದೊಂದು, ಎಂ ಮತ್ತು ಎಲ್ ಇನ್ನೊಂದೊಂದು, ಒಟ್ಟು ಆರು. ವೇದಿಕೆಗೆ ಬೆನ್ನಲ್ಲಿ ಜಿಪ್ ಇರುವುದು ಬೇರೆ ಒಂದು; ಬೆವರಿದ ಮೈಗೆ ಮುಂದಿನಿಂದ ತೂರಿಸಿ ಹಿಂದೆ ಎಳೆದರಾಯ್ತು. ಸಬ್ಲಿಮೇಶನ್ (ಶಾಖದಿಂದ ಬಣ್ಣವನ್ನು ಬಟ್ಟೆಗೆ ಇಳಿಸುವ ಮುದ್ರಣ) ಪಾಲಿಸ್ಟರಿಗೆ ಮಾತ್ರ ಹಿಡಿಯುತ್ತದೆ, ಹತ್ತಿ ಮಿಶ್ರಣ ಬೇಡ. ನಮ್ಮ ಸೆಕೆಗೆ ತೆಳು ಬಿಳಿ ಬಟ್ಟೆ ಬೆವರಿದರೆ ಒಳಗಿನದ್ದೆಲ್ಲ ಕಾಣುತ್ತದೆ, ಹಾಗಾಗಿ ಚುಕ್ಕೆ ಜೆರ್ಸಿಗೆ ಸ್ವಲ್ಪ ದಪ್ಪ ನೇಯ್ಗೆ ಕೇಳಿ.

ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿಲ್ಲವಲ್ಲ, ತಂಡದ ಹೆಸರನ್ನು ಆ ಸಂಜೆ ವಿನೈಲಿನಲ್ಲಿ (ಶಾಖಕ್ಕೆ ಬಟ್ಟೆಗೆ ಅಂಟುವ ತೆಳು ಪ್ಲಾಸ್ಟಿಕ್ ಹಾಳೆ) ಪ್ರೆಸ್ ಮಾಡಬೇಕು. ಮಾಮೂಲಿ ವಿನೈಲಿಗೆ 150 ಡಿಗ್ರಿಗೂ ಮೇಲೆ ಶಾಖ ಬೇಕು. ಆ ಶಾಖಕ್ಕೆ ಬಟ್ಟೆಯ ಬಣ್ಣ ಮೇಲೇರಿ ಬಿಳಿ ಅಕ್ಷರ ಅದೇ ಬಣ್ಣಕ್ಕೆ ತಿರುಗುತ್ತದೆ. 130 ಡಿಗ್ರಿ ಆಸುಪಾಸಿನಲ್ಲಿ ಹಿಡಿಯುವ ವಿನೈಲ್ ತನ್ನಿ, ಹಾಳಾದ ತುಂಡಿನ ಮೇಲೆ ಮೊದಲು ನೋಡಿ.

ಸೆಕೆಂಡ್ ಲೆಕ್ಕ:
ಹಣದ ಬಗ್ಗೆ ಹೇಳಲು ಮರೆತೆ. ಟೂರಿನಲ್ಲಿ ಒಂದನೆಯವನಿಗೆ 5 ಲಕ್ಷ ಯೂರೊ, ಹಸಿರಿಗೆ ಬರೀ 25,000. ಅಲ್ಲಿ ಗೆದ್ದವ ತಂಡದವರಿಗೆ ಹಂಚುವುದು ರೂಢಿ, ಹಾಗಾಗಿ ನಡೆಯುತ್ತದೆ. ನಿಮ್ಮಲ್ಲಿ ಹೆಚ್ಚಿನವರು ಒಂಟಿ ಸವಾರರು, ಕೆಳಗಿನವರೆಗೂ ಹರಡಿ. ಒಟ್ಟು ಪಟ್ಟಿಯ ಐವರಿಗೆ 15,000, 9,000, 6,000, 4,000, 3,000. ಹಸಿರು, ಚುಕ್ಕೆಗೆ 6,000 ತಲಾ. ಸ್ಟೇಜ್ ಗೆದ್ದರೆ 3,000. ಉಳಿದ 2,000 ಟೈಮ್ ಟ್ರಯಲ್ ಬಿಟ್ಟು ಉಳಿದೆರಡು ದಿನ ಧೈರ್ಯದಿಂದ ಮುಂದೆ ನುಗ್ಗಿದವರಿಗೆ.

ಪಡುಕೆರೆ ಪೆಡಲ್:
ಬಿಳಿ ಕೈಬಿಟ್ಟೆವು, ಆಗುಂಬೆ ಎರಡನೇ ದಿನಕ್ಕೆ. ಮಣಿಪಾಲದ ರಸ್ತೆಗೆ ಪೊಲೀಸ್ ಅನುಮತಿ ಬೆಳಿಗ್ಗೆ 7ರ ಒಳಗೆ ಸಿಕ್ಕಿದರೆ ಮಾತ್ರ ಆ 2, 1 ಅಂಕ, ಇಲ್ಲದಿದ್ದರೆ ಕಾರ್ಕಳ ಕಡೆಯ ಒಂದು ಏರು ಹುಡುಕುತ್ತೇವೆ.