ಅಪ್‌ಡೇಟ್: ರೋಡ್ಸ್ ಸ್ಯಾಂಪಲ್ ಲೈಬ್ರರಿಯ ಸಮಸ್ಯೆ ಬಗೆಹರಿದಿದೆ

ಮೆಲ್ಲಗೆ ನುಡಿಸಿದರೂ ಜೋರಾಗಿ ನುಡಿಸಿದರೂ ನನ್ನ ರೋಡ್ಸ್ ಎಲೆಕ್ಟ್ರಿಕ್ ಪಿಯಾನೊ ಲೈಬ್ರರಿಯಲ್ಲಿ (ವಾದ್ಯದ ಸ್ವರಗಳನ್ನು ಮೊದಲೇ ಧ್ವನಿಮುದ್ರಿಸಿಟ್ಟ ಸಂಗ್ರಹ) ನಾದದ ಗುಣ ಬದಲಾಗದೆ ವಾಲ್ಯೂಮ್ ಮಾತ್ರ ಏರಿಳಿಯುವುದೇಕೆ ಎಂದು ಹಿಂದೆ ಕೇಳಿದ್ದೆ. ನೀವು ಸೂಚಿಸಿದಂತೆ ಕೀಬೋರ್ಡಿನಿಂದ ಬರುವ ಮಿಡಿ ವೆಲಾಸಿಟಿಯನ್ನು (ಕೀಲಿಯನ್ನು ಎಷ್ಟು ಬಲವಾಗಿ ಒತ್ತಿದೆವೆಂದು ತಿಳಿಸುವ ಸಂಖ್ಯೆ) ಪರೀಕ್ಷಿಸಿದಾಗ, ಎಷ್ಟೇ ಬಲವಾಗಿ ಒತ್ತಿದರೂ ಅದು ಗರಿಷ್ಠವಾದ 127ರ ಹತ್ತಿರ ಸುಳಿಯದೆ 90ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಹೀಗಾಗಿ ಗಟ್ಟಿಯಾಗಿ ನುಡಿಸಿ ಧ್ವನಿಮುದ್ರಿಸಿದ ಮೇಲಿನ ಪದರಗಳಿಗೆ ಸರದಿಯೇ ಬರುತ್ತಿರಲಿಲ್ಲ.

ವೆಲಾಸಿಟಿ ಕರ್ವ್ (ಒತ್ತುವ ಬಲವನ್ನು ಆ ಸಂಖ್ಯೆಗೆ ಹೊಂದಿಸುವ ಸೆಟ್ಟಿಂಗ್) ಬದಲಿಸಿದ ಮೇಲೆ ಎಡಗೈಯ ಕೆಳಸ್ವರಗಳಲ್ಲಿ ರೋಡ್ಸ್‌ಗೇ ವಿಶಿಷ್ಟವಾದ ಒರಟು ಗುರುಗುಟ್ಟುವಿಕೆ ಕೇಳಿಬರುತ್ತಿದೆ. ಮೂಲ ವಾದ್ಯದಲ್ಲಿ ಸುತ್ತಿಗೆಯ ಪೆಟ್ಟಿಗೆ ಕಂಪಿಸುವ ಉಕ್ಕಿನ ಟೈನ್ (ತೆಳು ಕಡ್ಡಿ), ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಕಾಂತೀಯ ಪಿಕಪ್‌ನ ಮುಂದೆ ಹೆಚ್ಚು ಅಗಲವಾಗಿ ತೂಗಿದಷ್ಟೂ ಉಪಸ್ವರಗಳು ಹೆಚ್ಚುವುದರಿಂದ, ಒಂದೇ ಸ್ಯಾಂಪಲ್‌ನ ಸದ್ದನ್ನು ಏರಿಸಿ ಈ ಗುಣವನ್ನು ತರಲಾಗದು.

ಟ್ರೆಮೊಲೊ ಕುರಿತು ವಿಚಾರಿಸಿದವರಿಗೆ: ರೋಡ್ಸ್ ಪಿಯಾನೊದ ಸೂಟ್‌ಕೇಸ್ ಮಾದರಿಯಲ್ಲಿ ವೈಬ್ರಾಟೊ ಎಂಬ ಹೆಸರಿನ ಗುಂಡಿ ಮಾಡುವುದು ವಾಸ್ತವವಾಗಿ ಎಡಬಲಕ್ಕೆ ಓಡಾಡುವ ಸ್ಟೀರಿಯೊ ಪ್ಯಾನಿಂಗ್, ಮೊನೊ ಟ್ರ್ಯಾಕ್‌ನಲ್ಲಿ ಅದು ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಇನ್ನೊಂದು ಎಲೆಕ್ಟ್ರಿಕ್ ಪಿಯಾನೊ ಆದ ವುರ್ಲಿಟ್ಸರ್ 200ಎ ಮಾದರಿಯದು ವಾಲ್ಯೂಮ್ ಏರಿಳಿಸುವ ನಿಜವಾದ ಟ್ರೆಮೊಲೊ ಆದ್ದರಿಂದ ಅಲ್ಲಿ ಈ ತೊಡಕಿಲ್ಲ.

ಪದರಗಳೆಲ್ಲ ತುಂಬಿಕೊಂಡಾಗ ರ‍್ಯಾಮ್ ಮೇಲೆ ಬೀಳುತ್ತಿದ್ದ ಹೊರೆ, ಡಿಸ್ಕ್ ಸ್ಟ್ರೀಮಿಂಗ್ (ಸ್ಯಾಂಪಲ್‌ಗಳನ್ನು ಬೇಕಾದಾಗ ಡಿಸ್ಕ್‌ನಿಂದಲೇ ಓದುವ ಸೌಲಭ್ಯ) ಆನ್ ಮಾಡಿದ ಬಳಿಕ ಇಳಿದಿದೆ.