ಟ್ಯಾಂಕಿನ ಮೇಲೆ ಗಣಿ ಕಂಪನಿಯ ಬೋರ್ಡು: ದುಡ್ಡು ಯಾರದು?

ಪ್ರಶ್ನೆ: ನಮ್ಮದು ಸಂಡೂರು ತಾಲೂಕು. ಊರಲ್ಲಿ ಹೊಸ ನೀರಿನ ಟ್ಯಾಂಕ್ ಆಗಿದೆ. ಮೇಲೆ ಗಣಿ ಕಂಪನಿಯ ಹೆಸರು, ಕೆಳಗೆ 'ಸಿಎಸ್‌ಆರ್ ಕೊಡುಗೆ'. ಪಂಚಾಯಿತಿಯಲ್ಲಿ ಕೇಳಿದ್ರೆ ಡಿಎಂಎಫ್ ದುಡ್ಡು ಅಂತಾರೆ. ಯಾವುದು ನಿಜ ಅಂತ ದಾಖಲೆಯಲ್ಲಿ ನೋಡೋದು ಹೇಗೆ? ಕಂಪನಿಗೇ ಆರ್‌ಟಿಐ ಹಾಕಬಹುದಾ?

ಉತ್ತರ (ಲೆಕ್ಕಪರಿಶೋಧಕಿ): ಎರಡೂ ಬೇರೆ ಬೇರೆ ಚೀಲ, ಮೊದಲು ಅದನ್ನು ಬಿಡಿಸಿಕೊಳ್ಳಿ. ಡಿಎಂಎಫ್ ಅಂದರೆ ಜಿಲ್ಲಾ ಖನಿಜ ಪ್ರತಿಷ್ಠಾನ. 2015ರ ಕಾನೂನು ತಿದ್ದುಪಡಿಯಿಂದ ಬಂದದ್ದು. 2015ರ ಜನವರಿ 12ಕ್ಕಿಂತ ಮೊದಲಿನ ಗುತ್ತಿಗೆಯಾದರೆ ರಾಜಧನದ (ಖನಿಜ ತೆಗೆದದ್ದಕ್ಕೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿ) ಶೇ. 30ರಷ್ಟನ್ನು, ನಂತರದ್ದಾದರೆ ಶೇ. 10ರಷ್ಟನ್ನು ಕಂಪನಿ ರಾಜಧನದ ಮೇಲೆ ಹೆಚ್ಚುವರಿಯಾಗಿ ಕಟ್ಟಲೇಬೇಕು. ಗಣಿಯಿಂದ ತೊಂದರೆಗೊಳಗಾದವರಿಗೆ ಸಲ್ಲಬೇಕಾದ ಹಣ ಅದು. ಆ ಹಣದ ಕಾಮಗಾರಿಗೆ 'ಕೊಡುಗೆ' ಎಂದು ಬರೆಯುವುದೇ ತಪ್ಪು.

ಸಿಎಸ್‌ಆರ್ ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆ. ಅದು ಇರುವುದು ಕಂಪನಿ ಕಾಯ್ದೆಯ ಸೆಕ್ಷನ್ 135ರಲ್ಲಿ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ: ಇವುಗಳಲ್ಲಿ ಒಂದನ್ನು ಮುಟ್ಟಿದರೂ ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಖರ್ಚು ಮಾಡಬೇಕು.

ಈಗ ಹುಡುಕುವುದು. ಕಂಪನಿಯ ವಾರ್ಷಿಕ ವರದಿಯಲ್ಲಿ ಸಿಎಸ್‌ಆರ್ ಅನುಬಂಧ ಇರುತ್ತದೆ. 2022ರ ಸೆಪ್ಟೆಂಬರ್ ತಿದ್ದುಪಡಿಯ ನಂತರ ಅದರಲ್ಲಿ ಯೋಜನೆವಾರು ಪಟ್ಟಿ ಇಲ್ಲ, ಒಟ್ಟು ಮೊತ್ತ ಮಾತ್ರ. ಬಹಳ ಜನ ಇಲ್ಲೇ ಕೈಬಿಡುತ್ತಾರೆ. ಬಿಡಬೇಡಿ, ಅದೇ ಅನುಬಂಧದಲ್ಲಿ ಸಿಎಸ್‌ಆರ್ ಹಣದಿಂದ ಆದ ಆಸ್ತಿಗಳ ಕೋಷ್ಟಕ ನೋಡಿ. ಟ್ಯಾಂಕಿನಂಥ ಆಸ್ತಿಗೆ ವಿಳಾಸ, ಪಿನ್‌ಕೋಡ್, ದಿನಾಂಕ, ಖರ್ಚಾದ ಮೊತ್ತ, ಯಾರ ಹೆಸರಲ್ಲಿದೆ ಎಲ್ಲವೂ ಅಲ್ಲಿರಬೇಕು. ಅಂಥ ಆಸ್ತಿಯನ್ನು ಕಂಪನಿ ತನ್ನ ಹೆಸರಲ್ಲಿ ಇಟ್ಟುಕೊಳ್ಳುವಂತಿಲ್ಲ. ನಿಮ್ಮ ಪಿನ್‌ಕೋಡ್ ಆ ಕೋಷ್ಟಕದಲ್ಲಿ ಇಲ್ಲದಿದ್ದರೆ ಬೋರ್ಡನ್ನು ಪ್ರಶ್ನಿಸಲು ಅಷ್ಟೇ ಸಾಕು. ಒಂದು ಎಚ್ಚರ: ಕಟ್ಟಿದ ವರ್ಷದ ವರದಿಯನ್ನೇ ತೆಗೆಯಿರಿ, ಬೋರ್ಡು ಹಾಕಿದ ವರ್ಷದ್ದಲ್ಲ.

ಉತ್ತರ (ವಕೀಲರು, ಮಾಹಿತಿ ಹಕ್ಕು): ಖಾಸಗಿ ಕಂಪನಿಗೆ ನೇರ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ, ಅದು ಸಾರ್ವಜನಿಕ ಪ್ರಾಧಿಕಾರವಲ್ಲ. ಅರ್ಜಿಯನ್ನು ಬಳ್ಳಾರಿಯ ಡಿಎಂಎಫ್‌ಗೆ ಹಾಕಿ. ತಪ್ಪು ಕಚೇರಿಗೆ ಹೋದರೂ ಸೆಕ್ಷನ್ 6(3)ರಡಿ 5 ದಿನದೊಳಗೆ ಅವರೇ ವರ್ಗಾಯಿಸಬೇಕು. ಕರ್ನಾಟಕದ ನಿಯಮದಂತೆ ಶುಲ್ಕ 10 ರೂ., ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 'ಡಿಎಂಎಫ್‌ನ ಎಲ್ಲ ಮಾಹಿತಿ ಕೊಡಿ' ಎಂದು ಬರೆದ ಅರ್ಜಿಗಳು ಇಲ್ಲೇ ಬಿದ್ದುಹೋಗುತ್ತವೆ. ಕೇಳಬೇಕಾದ್ದು ನಾಲ್ಕೇ: ಈ ಟ್ಯಾಂಕ್ ಸೇರಿರುವ ಕ್ರಿಯಾಯೋಜನೆಯ ಪುಟ, ಕಾರ್ಯಾದೇಶ, ಅಳತೆ ಪುಸ್ತಕದ (ಆದ ಕೆಲಸದ ಅಳತೆ ಬರೆದಿಡುವ ಪುಸ್ತಕ) ಪ್ರತಿ, ಬಿಲ್ ಪಾವತಿ ವಿವರ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಇನ್ನೊಂದು ಕಡೆಯಿಂದಲೂ ಬರಬಹುದು. ಟ್ಯಾಂಕ್ ಪಂಚಾಯಿತಿಗೆ ಹಸ್ತಾಂತರವಾಗಿದ್ದರೆ ಆ ಪತ್ರದ ಪ್ರತಿಯನ್ನು ಪಿಡಿಒ ಬಳಿ ಕೇಳಿ. ಹಣದ ಮೂಲ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ.

ಮರುಪ್ರಶ್ನೆ: ಧೂಳಿಗೆ ನೀರು ಹೊಡೆಯೋದು, ಗಿಡ ನೆಡೋದು ಇದನ್ನೂ ಸಿಎಸ್‌ಆರ್ ಅಂತಲೇ ಕಂಪನಿ ಹೇಳ್ತಿದೆ ಮೇಡಂ. ಸರಿನಾ?

ಉತ್ತರ (ಲೆಕ್ಕಪರಿಶೋಧಕಿ): ಸರಿಯಲ್ಲ. ಬೇರೆ ಕಾನೂನಿನಡಿ ಮಾಡಲೇಬೇಕಾದ ಕೆಲಸವನ್ನು ಸಿಎಸ್‌ಆರ್ ಲೆಕ್ಕಕ್ಕೆ ಸೇರಿಸುವಂತಿಲ್ಲ, ನಿಯಮದಲ್ಲೇ ಇದೆ. ಪರಿಸರ ಅನುಮತಿ ಪತ್ರ ತೆಗೆದು ಷರತ್ತುಗಳನ್ನು ಓದಿ. ನೀರು ಚಿಮುಕಿಸುವುದು, ಹಸಿರು ಪಟ್ಟಿ ಅಲ್ಲಿದ್ದರೆ ಅದು ಗಣಿ ನಡೆಸುವ ಖರ್ಚು. ಡಿಎಂಎಫ್ ಕಟ್ಟುವುದೂ ಹಾಗೆಯೇ.

ಮರುಪ್ರಶ್ನೆ: ಶೇ. 2 ಖರ್ಚೇ ಮಾಡದಿದ್ರೆ?

ಉತ್ತರ (ಲೆಕ್ಕಪರಿಶೋಧಕಿ): ನಡೆಯುತ್ತಿರುವ ಯೋಜನೆಯ ಹಣವಾದರೆ ಆರ್ಥಿಕ ವರ್ಷ ಮುಗಿದ 30 ದಿನದಲ್ಲಿ ಪ್ರತ್ಯೇಕ ಖಾತೆಗೆ ಹಾಕಿ, 3 ವರ್ಷದಲ್ಲಿ ಖರ್ಚು ಮಾಡಬೇಕು. ಉಳಿದದ್ದು 6 ತಿಂಗಳಲ್ಲಿ ಕಾಯ್ದೆಯ 7ನೇ ಅನುಸೂಚಿಯ ನಿಧಿಗೆ. ತಪ್ಪಿದರೆ ಕಂಪನಿಗೆ ವರ್ಗಾಯಿಸದ ಮೊತ್ತದ ಎರಡರಷ್ಟು ಅಥವಾ 1 ಕೋಟಿ, ಯಾವುದು ಕಡಿಮೆಯೋ ಅಷ್ಟು ದಂಡ. ದೊಡ್ಡ ಗಣಿ ಕಂಪನಿಗೆ 1 ಕೋಟಿ ಏನೂ ಅಲ್ಲ. ಈ ಮಿತಿ ತೆಗೆಯಲೇಬೇಕು. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ, ಆದರೆ ನಿಮ್ಮ ಊರಿಗೇ ಇಷ್ಟು ಎಂದು ಹಕ್ಕಿನಿಂದ ಕೇಳಲು ಬರುವುದಿಲ್ಲ. ಹಾಗಾಗಿ ಗ್ರಾಮಸಭೆಯ ಶಕ್ತಿಯನ್ನು ಡಿಎಂಎಫ್ ಕಡೆ ಹಾಕಿ. ಕುಡಿಯುವ ನೀರು ಅಲ್ಲಿ ಹೆಚ್ಚಿನ ಆದ್ಯತೆಯ ಬಾಬತ್ತು. ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ದೃಢೀಕೃತ ಪ್ರತಿಯನ್ನು ಜಿಲ್ಲಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.