ದೊಡ್ಡಪ್ಪನ ಫಾರ್ವರ್ಡ್ ಮತ್ತು ತಾರಸಿ ಮೇಲಿನ ದೆವ್ವದ ಸಿನಿಮಾ

ದಸರಾ ರಜೆಗೆ ನಾವೆಲ್ಲ ಮೈಸೂರಿನ ಅತ್ತೆ ಮನೆಯಲ್ಲಿ ಸೇರುತ್ತೇವೆ. ಈ ಸಲ ತಾರಸಿ ಮೇಲೆ ಪರದೆ ಕಟ್ಟಿ ಒಂದು ರಾತ್ರಿ ದೆವ್ವದ ಸಿನಿಮಾ ನೋಡೋಣ, ಸಣ್ಣ ಸಣ್ಣ ಕಥೆ ಪೋಣಿಸಿರುವಂಥದ್ದು ಇರಲಿ, 1945ರ ಇಂಗ್ಲಿಷ್ ಸಿನಿಮಾ 'ಡೆಡ್ ಆಫ್ ನೈಟ್' ಹಾಕೋಣ ಎಂದು ಮನೆ ಗುಂಪಿನಲ್ಲಿ ಬರೆದಿದ್ದೆ. ಯಾರೂ ಉತ್ತರ ಕೊಡಲಿಲ್ಲ. ಮಾರನೇ ದಿನ ಬೆಳಗ್ಗೆ ಮಂಡ್ಯದಿಂದ ಇದು ಬಂತು.

ದೊಡ್ಡಪ್ಪ: (ಫಾರ್ವರ್ಡ್) ಎಚ್ಚರ! ಎಚ್ಚರ! ಒಂದೇ ಸಿನಿಮಾದಲ್ಲಿ ಐದು ದೆವ್ವದ ಕಥೆ ನೋಡುವವರೇ, ನಿಮ್ಮ ಹೃದಯ ಐದು ಸಲ ಹೆದರುತ್ತದೆ. ಭಯದಿಂದ ರಕ್ತ ಹೆಪ್ಪುಗಟ್ಟುತ್ತದೆ ಎಂದು ವಿದೇಶದ ವೈದ್ಯರೇ ಹೇಳಿದ್ದಾರೆ. ನಿಮ್ಮವರ ಪ್ರಾಣ ಉಳಿಸಲು ಎಲ್ಲರಿಗೂ ಕಳುಹಿಸಿ.

ದೊಡ್ಡಪ್ಪ: ತಾರಸಿ ಕಾರ್ಯಕ್ರಮದ ಬಗ್ಗೆ ಯೋಚನೆ ಮಾಡಿ. ನವರಾತ್ರಿಯಲ್ಲಿ ದೇವಿ ಕಥೆ ಕೇಳಬೇಕು. ದೆವ್ವದ್ದಲ್ಲ.

ಅತ್ತೆ: 🙏🙏 ಒಳ್ಳೆ ಮಾಹಿತಿ ಅಣ್ಣ.

ಭಾವ: ಯಾವ ವೈದ್ಯರು? ಯಾವ ದೇಶ? ಯಾವ ವರ್ಷ? ಮೂಲ ಹಾಕಿ.

ದೊಡ್ಡಪ್ಪ: ನಮ್ಮ ವಾಕಿಂಗ್ ಗುಂಪಿನಲ್ಲಿ ಬಂದಿದ್ದು. ಅಲ್ಲಿ ಎಲ್ಲರೂ ವಿದ್ಯಾವಂತರೇ.

ಭಾವ: ವಿದ್ಯಾವಂತರು ಅನ್ನೋದು ಮೂಲ ಆಗಲ್ಲ.

ನಮ್ಮ ಭಾವ ಭೌತಶಾಸ್ತ್ರದ ಮೇಷ್ಟ್ರು. ಗುಂಪಿಗೆ ಏನೇ ಬಂದರೂ ಮೂಲ ಕೇಳುತ್ತಾರೆ. ಇದರಿಂದ ದೊಡ್ಡಪ್ಪನಿಗೆ ಹಳೇ ಬೇಸರ ಇದೆ. ಅದಕ್ಕೇ ಮುಂದಿನ ಮೆಸೇಜು ದೆವ್ವದ ಬಗ್ಗೆ ಇರಲಿಲ್ಲ, "ಅಳಿಯಂದಿರಿಗೆ ನಮ್ಮ ಮಾತು ಯಾವಾಗ ರುಚಿಸಿದೆ" ಅಂತ ಇತ್ತು. ಅಕ್ಕ ಕೂಡಲೇ "ದೊಡ್ಡಪ್ಪ, ಅವರು ಹಾಗೆ ಹೇಳಲಿಲ್ಲ" ಎಂದಳು. ಈ ಗಲಾಟೆ ನಡುವೆ ವೈದ್ಯಕೀಯ ಓದುತ್ತಿರುವ ತಂಗಿ ನಿಜವಾದ ಮೂಲವನ್ನೇ ಹುಡುಕಿ ಹಾಕಿದಳು.

ತಂಗಿ: ಇದು ಪೂರ್ತಿ ಸುಳ್ಳಲ್ಲ. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ 24 ಜನ ಆರೋಗ್ಯವಂತ ಯುವಕ ಯುವತಿಯರಿಗೆ ಒಂದು ಹಾರರ್ ಸಿನಿಮಾ, ಒಂದು ಸಾಕ್ಷ್ಯಚಿತ್ರ ತೋರಿಸಿ ರಕ್ತ ಪರೀಕ್ಷೆ ಮಾಡಿದ್ದರು. 2015ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಹಾರರ್ ನೋಡಿದಾಗ ರಕ್ತ ಹೆಪ್ಪುಗಟ್ಟಲು ನೆರವಾಗುವ 'ಫ್ಯಾಕ್ಟರ್ 8' ಎಂಬ ಪ್ರೋಟೀನ್ ಜಾಸ್ತಿಯಾಗಿತ್ತು. ಆದರೆ ರಕ್ತ ನಿಜವಾಗಿ ಹೆಪ್ಪುಗಟ್ಟಿರಲಿಲ್ಲ. ಐದು ಕಥೆ, ಐದು ಸಲ ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ.

ಇಷ್ಟು ಸ್ಪಷ್ಟವಾಗಿ ಬರೆದಳು. ಯಾರೂ ಓದಲಿಲ್ಲ. ಅತ್ತೆ ಅದಕ್ಕೂ ಕೈ ಮುಗಿದರು. ದೊಡ್ಡಪ್ಪ "ನೋಡಿ, ನಮ್ಮ ಹುಡುಗಿಯೇ ನಿಜ ಅಂತ ಹೇಳಿದಳು" ಎಂದರು. ನನಗೆ ನಿಜಕ್ಕೂ ಸಂಕಟವಾಯಿತು. ಮೂಲ ಬೇಕು ಅಂತ ಜಗಳ ಆಡುವುದು, ಮೂಲ ಬಂದಾಗ ತಿರುಗಿಯೂ ನೋಡದೆ ಇರುವುದು, ಇದು ಸರಿಯಲ್ಲ. ಭಾವನೂ ಓದಿರಲಿಲ್ಲ, ಅವರಾಗಲೇ ದೊಡ್ಡಪ್ಪನಿಗೆ ಉದ್ದದ ಉತ್ತರ ಬರೆಯುತ್ತಿದ್ದರು.

ಅಷ್ಟರಲ್ಲಿ ಶ್ರೀರಂಗಪಟ್ಟಣದ ಅಣ್ಣ ಬಂದ.

ಅಣ್ಣ: ದೆವ್ವದ ಕಥೆ ಅಂದರೆ ನಮ್ಮೂರ ಆಲೆಮನೆ ಕಣ್ರೋ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿರುತ್ತಿತ್ತು, ಒಲೆ ಮುಂದೆ ಕೂತು ಒಬ್ಬೊಬ್ಬರು ಒಂದೊಂದು ಕಥೆ ಹೇಳೋರು. ಹುಣಸೆಮರದ್ದು, ನಾಲೆ ಏರಿ ಮೇಲೆ ಬೀಡಿಗೆ ಬೆಂಕಿ ಕೇಳಿದವನದ್ದು. ಎಲ್ಲಕ್ಕಿಂತ ಭಯ ಆಗುತ್ತಿದ್ದದ್ದು ನಾವು ಮನೆಗೆ ವಾಪಸ್ ಹೋಗುವ ದಾರಿಯ ಕಥೆ. ಆಮೇಲೆ ಬಿಸಿ ಬೆಲ್ಲ. ಅಬ್ಬಾ.

ಚಿಕ್ಕಮ್ಮ: ಆ ಬೆಲ್ಲದ ರುಚಿ ಈಗ ಎಲ್ಲಿದೆ.

ಅಣ್ಣ: ಆಮೇಲೆ ವಿಸಿಪಿ ಬಾಡಿಗೆಗೆ ತಂದು ಅಜ್ಜಿಯ ಟಿವಿಯಲ್ಲಿ ರಾತ್ರಿಯೆಲ್ಲ ದೆವ್ವದ ಸಿನಿಮಾ. ಆ ಟಿವಿ ಆಮೇಲೆ ಯಾರ ಮನೆ ಸೇರಿತು ಅನ್ನೋದು ಎಲ್ಲರಿಗೂ ಗೊತ್ತು ಬಿಡಿ.

ದೊಡ್ಡಪ್ಪ: ಅದನ್ನು ಅಮ್ಮನೇ ನನಗೆ ಕೊಟ್ಟಿದ್ದು.

ಚಿಕ್ಕಪ್ಪ: ಕೊಟ್ಟಿದ್ದು ಅಂದರೆ? ರಿಪೇರಿಗೆ ಅಂತ ತಗೊಂಡು ಹೋಗಿದ್ದಲ್ವಾ ಅಣ್ಣ?

ವರ್ಷಗಟ್ಟಲೆ ಗುಂಪಿನಲ್ಲಿ ಬಾಯಿ ಬಿಡದ ಚಿಕ್ಕಪ್ಪ ಮಾತಾಡಿದ್ದು ಇದಕ್ಕೆ. ಮನೆ ಪಾಲಾದ ದಿನ, ಹಿತ್ತಾಳೆ ಹಂಡೆ, ಗೃಹಪ್ರವೇಶಕ್ಕೆ ಫೋನಿನಲ್ಲಿ ಮಾತ್ರ ಕರೆದದ್ದು, ಎಲ್ಲವೂ ಬಂತು. ಅದನ್ನು ಇಲ್ಲಿ ಹಾಕುವುದಿಲ್ಲ. ಆದರೆ ಅಣ್ಣ ಹೇಳಿದ ಆಲೆಮನೆ ಮಾತನ್ನು ನಾನು ಬಿಡಲಿಲ್ಲ, ಅದರಲ್ಲಿ ನಾನು ಹೇಳಬೇಕಾದದ್ದೆಲ್ಲ ಇತ್ತು. ಹೀಗೆ ಬರೆದೆ:

ನಾನು: ಅಣ್ಣ ಹೇಳಿದ್ದೇ ಈ ಸಿನಿಮಾಗಳ ರೀತಿ. ಒಬ್ಬರ ಕಥೆ ಮುಗಿಯುತ್ತದೆ, ಎಲ್ಲರೂ ಉಸಿರು ಬಿಡುತ್ತಾರೆ, ಯಾರೋ ನಗುತ್ತಾರೆ, ಇನ್ನೊಬ್ಬರು ಶುರು ಮಾಡುತ್ತಾರೆ. ಭಯ ಐದು ಪಟ್ಟು ಆಗಲ್ಲ ದೊಡ್ಡಪ್ಪ, ಪ್ರತಿ ಸಲ ಇಳಿದು ಮತ್ತೆ ಮೊದಲಿನಿಂದ ಏರಬೇಕು. ಮಾಡುವವರಿಗೆ ಅದೇ ಕಷ್ಟ. ಪಾತ್ರದ ಮೇಲೆ ನಮಗೆ ಪ್ರೀತಿ ಹುಟ್ಟುವುದರೊಳಗೆ ಕಥೆ ಮುಗಿದಿರುತ್ತದೆ. ಅದಕ್ಕೇ ಹೊರಗೆ ಬಂದವರು "ಸಿನಿಮಾ ಹೇಗಿತ್ತು" ಅನ್ನಲ್ಲ, "ಯಾವ ಕಥೆ ಚೆನ್ನಾಗಿತ್ತು" ಅಂತಾರೆ. ಒಂದು ಕಥೆ ಸಪ್ಪೆಯಾದರೆ ಇಡೀ ಸಿನಿಮಾಗೆ ಬೈತಾರೆ.

ಅತ್ತೆ: ಅದು ನಿಜ. 'ಡರ್ನಾ ಮನಾ ಹೈ' ನೋಡಿದ್ದೆವಲ್ಲ, 2003ರದ್ದು? ಆರು ಕಥೆಯಲ್ಲಿ ನನಗೆ ನೆನಪಿರೋದು ಸೇಬಿನದ್ದು ಒಂದೇ. ಸೇಬು ತಿಂದವರು ಸೇಬೇ ಆಗಿಬಿಡೋದು. ಎಷ್ಟೋ ದಿನ ಸೇಬು ಮುಟ್ಟಲಿಲ್ಲ. ಮಿಕ್ಕಿದ್ದೆಲ್ಲ ಸುಮ್ನೆ.

ಅಕ್ಕ: ನನಗೆ ಸೇಬಿನದ್ದು ನಗು ಬಂತು. ಕಾಡಿನಲ್ಲಿ ಕಾರು ಕೆಟ್ಟು ಬೆಂಕಿ ಮುಂದೆ ಕೂತು ಕಥೆ ಹೇಳುತ್ತಾರಲ್ಲ ಗೆಳೆಯರು, ಅವರನ್ನು ನೋಡಿಯೇ ಭಯ ಆಗಿದ್ದು.

ಭಾವ: ಪುಟ್ಟಣ್ಣ ಕಣಗಾಲ್ 1976ರಲ್ಲೇ 'ಕಥಾಸಂಗಮ' ಮಾಡಿದ್ದರು, ಒಂದೇ ಟಿಕೆಟ್‌ಗೆ ಮೂರು ಕಥೆ. ದೆವ್ವ ಇಲ್ಲ, ಆದರೆ ರೀತಿ ಇದೇ.

ಅತ್ತೆ: ಅದರಲ್ಲಿ 'ಮುನಿತಾಯಿ' ಕಥೆ! ಆರತಿ ಕಣ್ಣು ಕಾಣದವಳು. ಎಷ್ಟು ಅತ್ತಿದ್ದೆ.

ದೊಡ್ಡಪ್ಪ: ಅದರಲ್ಲಿ ನೋಡಬೇಕಾದದ್ದು 'ಹಂಗು' ಕಥೆ. ಮೇಷ್ಟ್ರು ಅಂದರೆ ಹೇಗಿರಬೇಕು ಅನ್ನೋದು ಅದರಲ್ಲಿದೆ.

ದೊಡ್ಡಪ್ಪ ಇದನ್ನು ಭಾವನಿಗೆ ಹೇಳಿದ್ದು ಅಂತ ಎಲ್ಲರಿಗೂ ಗೊತ್ತಾಯಿತು. ಭಾವ ಉತ್ತರ ಕೊಡಲಿಲ್ಲ, ಅದು ದೊಡ್ಡತನ. ನನಗೆ ಖುಷಿಯಾದದ್ದು ಬೇರೆ ಕಾರಣಕ್ಕೆ. ದೊಡ್ಡಪ್ಪ, ಅತ್ತೆ ಒಂದೇ ಸಿನಿಮಾ ನೋಡಿ ಇಷ್ಟು ವರ್ಷ ಬೇರೆ ಬೇರೆ ಕಥೆ ಇಟ್ಟುಕೊಂಡಿದ್ದಾರೆ. ಒಂದೇ ಕಥೆಯ ಸಿನಿಮಾದಲ್ಲಿ ಇದು ಇಷ್ಟು ಸಲೀಸಾಗಿ ಆಗುವುದಿಲ್ಲ.

ಅತ್ತೆ: ಸರಿ, ನಿನ್ನ ಸಿನಿಮಾದಲ್ಲಿ ಜಾಸ್ತಿ ಹೆದರಿಸುವ ಕಥೆಯನ್ನು ತೋರಿಸದೆ ಮುಂದಕ್ಕೆ ಓಡಿಸಿಬಿಡು. ನಗುವಂಥದ್ದು ಮಾತ್ರ ತೋರಿಸು.

ಇದಕ್ಕೆ ಮಾತ್ರ ನಾನು ಒಪ್ಪಲು ಆಗಲಿಲ್ಲ.

ನಾನು: ಅತ್ತೆ, ಹಾಗೆ ಮಾಡಿ ಕೆಡಿಸಿದವರು ಮೊದಲೇ ಇದ್ದಾರೆ. 'ಡೆಡ್ ಆಫ್ ನೈಟ್'ನಲ್ಲಿ ಒಬ್ಬ ವಾಸ್ತುಶಿಲ್ಪಿ ಹಳ್ಳಿ ಮನೆಗೆ ಬರುತ್ತಾನೆ. ಅಲ್ಲಿರುವವರನ್ನೆಲ್ಲ ಕನಸಿನಲ್ಲಿ ನೋಡಿದ್ದೇನೆ ಅಂತಾನೆ. ಅವರು ಒಬ್ಬೊಬ್ಬರಾಗಿ ತಮಗಾದ ಅನುಭವ ಹೇಳುತ್ತಾರೆ. ಕೊನೆಗೆ ಎಲ್ಲ ಕಥೆಗಳೂ ಅವನ ದುಃಸ್ವಪ್ನದಲ್ಲಿ ಕಲಸಿಕೊಂಡು ಬರುತ್ತವೆ. ಅಮೆರಿಕದಲ್ಲಿ ಬಿಡುಗಡೆ ಮಾಡಿದಾಗ ಎರಡು ಕಥೆ ಕತ್ತರಿಸಿದರು, ಗಾಲ್ಫ್ ಆಡುವವರ ತಮಾಷೆ ಕಥೆಯೂ ಅದರಲ್ಲಿ ಒಂದು. ಆಮೇಲೆ ಕೊನೆ ಅರ್ಥ ಆಗಲು ಹೇಗೆ ಸಾಧ್ಯ? ಆ ತಮಾಷೆ ಸುಮ್ನೆ ಇಟ್ಟಿದ್ದಲ್ಲ, ನಕ್ಕು ಹಗುರಾದ ಮೇಲೆ ಮಾತಾಡುವ ಗೊಂಬೆಯ ಕಥೆ ಬರುತ್ತದೆ, ಅದಕ್ಕೇ ಅದು ಅಷ್ಟು ನಾಟುತ್ತದೆ. ಜಪಾನಿನ ದೆವ್ವದ ಸಿನಿಮಾ 'ಕ್ವೈದಾನ್'ಗೂ ಇದೇ ಗತಿ. ನಿರ್ದೇಶಕ ಕೊಬಯಾಶಿ ಮಾಡಿದ್ದು ನಾಲ್ಕು ಕಥೆ, 1965ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂತು. ಅಮೆರಿಕದಲ್ಲಿ ಉದ್ದ ಆಯಿತು ಅಂತ ಹಿಮದ ಹೆಂಗಸಿನ ಕಥೆಯನ್ನೇ ತೆಗೆದರು. ನೋಡುವವರ ಕಥೆಯನ್ನು ಬೇರೆಯವರು ಆರಿಸಬಾರದು. ಯಾರಿಗೆ ಯಾವುದು ಅಂಟಿಕೊಳ್ಳುತ್ತದೋ ಯಾರಿಗೆ ಗೊತ್ತು?

ಭಾವ: 'ಡೆಡ್ ಆಫ್ ನೈಟ್' ಕೊನೆಯಲ್ಲಿ ಮತ್ತೆ ಮೊದಲಿಗೇ ಬಂದು ನಿಲ್ಲುತ್ತದೆ ಅಲ್ವಾ? ಹಾಯ್ಲ್, ಬಾಂಡಿ, ಗೋಲ್ಡ್ ಅಂತ ಮೂವರು ವಿಜ್ಞಾನಿಗಳು ಇದನ್ನು ನೋಡಿ, ವಿಶ್ವಕ್ಕೂ ಹೀಗೇ ಮೊದಲು ಕೊನೆ ಇಲ್ಲದಿದ್ದರೆ ಅಂತ ಮಾತಾಡಿಕೊಂಡರು. 1948ರ ಸ್ಥಿರ ಸ್ಥಿತಿ ಸಿದ್ಧಾಂತ ಬಂದದ್ದು ಅವರಿಂದಲೇ. ಆಮೇಲೆ ಅದು ನಿಲ್ಲಲಿಲ್ಲ, ಆದರೆ ದೆವ್ವದ ಸಿನಿಮಾ ನೋಡಿ ಅಲ್ಲಿಗೆ ಹೋದರು.

ದೊಡ್ಡಪ್ಪ: ಮೂಲ?

ಭಾವ: ಹಾಯ್ಲ್ ಅವರೇ ಹೇಳಿಕೊಂಡಿದ್ದಾರೆ. ಪುಸ್ತಕ ತಂದು ಕೊಡುತ್ತೇನೆ.

ಮಧ್ಯಾಹ್ನದ ತನಕ ಗುಂಪು ಸುಮ್ಮನಿತ್ತು. ತಂಗಿ ತನ್ನ ಮೆಸೇಜನ್ನೇ ಮತ್ತೆ ಹಾಕಿ ಒಂದು ಸಾಲು ಸೇರಿಸಿದಳು: "ಹೃದಯದ ತೊಂದರೆ ಇರುವವರು ತಮ್ಮ ಡಾಕ್ಟರನ್ನು ಕೇಳಿ, ವಾಕಿಂಗ್ ಗುಂಪನ್ನಲ್ಲ." ಈ ಸಲ ದೊಡ್ಡಪ್ಪ ಓದಿದರು ಅಂತ ಕಾಣುತ್ತದೆ, ಯಾಕೆಂದರೆ ಆ 24 ಜನರ ವಯಸ್ಸೆಷ್ಟು ಎಂದು ಕೇಳಿದರು. ಮೂವತ್ತರ ಒಳಗಿನವರು ಎಂದಳು. ಹಾಗಾದರೆ ನನ್ನಂಥವರ ಬಗ್ಗೆ ಅದು ಏನೂ ಹೇಳುವುದಿಲ್ಲ ಎಂದರು. ಅದು ನ್ಯಾಯವಾದ ಮಾತು, ತಂಗಿಯೂ ಒಪ್ಪಿದಳು.

ಸಂಜೆ ಅತ್ತೆ ತೀರ್ಮಾನ ಹಾಕಿದರು. ಸಿನಿಮಾ ವಿಜಯದಶಮಿ ಆದ ಮೇಲಿನ ರಾತ್ರಿ. ಚಿಕ್ಕ ಮಕ್ಕಳು ಊಟ ಮಾಡಿ ಕೆಳಗೆ ಮಲಗಬೇಕು. ಮೇಲೆ ಕೂತವರಿಗೆ ಪೂರ್ತಿ ಸಿನಿಮಾ, ಯಾವ ಕಥೆಯನ್ನೂ ಮುಂದಕ್ಕೆ ಓಡಿಸುವುದಿಲ್ಲ. ಪರದೆಗೆ ಬಿಳಿ ಪಂಚೆ ಚಿಕ್ಕಪ್ಪ ತರುತ್ತಾರೆ. ದೊಡ್ಡಪ್ಪ ಬರುತ್ತಾರಂತೆ, ಡಾಕ್ಟರನ್ನು ಕೇಳಿಕೊಂಡು. ಟಿವಿ ವಿಷಯ ಮಾತ್ರ ಇನ್ನೂ ಮುಗಿದಿಲ್ಲ, ಚಿಕ್ಕಪ್ಪ ಈಗಷ್ಟೇ ರಿಪೇರಿ ಅಂಗಡಿ ಚೀಟಿಯ ಫೋಟೋ ಹಾಕಿದ್ದಾರೆ.